ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕ್ಯಾಂಡಿಡ್ ಯಾಮ್ಸ್: ಪಾಕ ನೀರಾಗದಂತೆ ಮಾಡೋದು ಹೇಗೆ?

ಮಗಳ ಅತ್ತೆ ಮನೆಯವರು ಅಮೆರಿಕದವರು, ಥ್ಯಾಂಕ್ಸ್‌ಗಿವಿಂಗ್‌ಗೆ ಕ್ಯಾಂಡಿಡ್ ಯಾಮ್ಸ್ (ಸಕ್ಕರೆ ಪಾಕದಲ್ಲಿ ಬೇಯಿಸಿದ ಗೆಣಸು) ಮಾಡಿ ತನ್ನಿ ಅಂದಿದ್ದಾರೆ, ಮಾಡಿ ನೋಡಿದರೆ ಪಾಕ ನೀರುನೀರಾಯಿತು ಅಂತ ಕೇಳಿದ್ದೀರಿ. ನೀವು ನೀರು ಹಾಕಿರಬೇಕು, ಇಲ್ಲವೇ ಗೆಣಸನ್ನು ಮೊದಲೇ ಬೇಯಿಸಿಕೊಂಡಿರಬೇಕು. ಎರಡೂ ಬೇಡ. ಸಕ್ಕರೆ ಬಿದ್ದ ಮೇಲೆ ಗೆಣಸೇ ನೀರು ಬಿಡುತ್ತದೆ, ಪಾಕಕ್ಕೆ ಅಷ್ಟು ಸಾಕು.

ಅಂಗಡಿಯಲ್ಲಿ ಯಾಮ್ ಅಂತ ಬರೆದಿದ್ದರೂ ಅದು ಕೇಸರಿ ತಿರುಳಿನ ಗೆಣಸೇ. ಅಮೆರಿಕದ ಲೂಸಿಯಾನಾ ರಾಜ್ಯದ ಬೆಳೆಗಾರರು 1930ರ ದಶಕದಲ್ಲಿ ಅದನ್ನು ಆ ಹೆಸರಲ್ಲಿ ಮಾರಿದರು, ಹೆಸರು ಉಳಿದುಕೊಂಡಿತು. ಬ್ಯೂರೆಗಾರ್ಡ್, ಗಾರ್ನೆಟ್ ಯಾವ ತಳಿಯಾದರೂ ಆಗುತ್ತದೆ. ಬಿಳಿ ತಿರುಳಿನದು ಹಿಟ್ಟುಹಿಟ್ಟಾಗಿರುತ್ತದೆ, ಇದಕ್ಕೆ ಹೊಂದುವುದಿಲ್ಲ.

ಎಂಟು ಜನಕ್ಕೆ ಸುಮಾರು ಒಂದೂವರೆ ಕಿಲೋ ಬೇಕು. ಸಿಪ್ಪೆ ತೆಗೆದು ಅರ್ಧ ಇಂಚು ದಪ್ಪದ ಬಿಲ್ಲೆ ಮಾಡಿ. ಅಗಲವಾದ ಟ್ರೇನಲ್ಲಿ ಹರಡಿ. 113 ಗ್ರಾಂ ಬೆಣ್ಣೆ ಕರಗಿಸಿ, ಒಂದು ಕಪ್ ಬ್ರೌನ್ ಶುಗರ್, ಒಂದು ಚಮಚ ಚಕ್ಕೆ ಪುಡಿ, ಚಿಟಿಕೆ ಜಾಕಾಯಿ, ಅರ್ಧ ಚಮಚ ಉಪ್ಪು ಬೆರೆಸಿ ಮೇಲೆ ಸುರಿಯಿರಿ. ಕಿತ್ತಳೆ ರಸ ಕಾಲು ಕಪ್ ಇದ್ದರೆ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಏಲಕ್ಕಿ ಹಾಕುವ ಆಸೆ ಆಗುತ್ತದೆ, ಅಲ್ವಾ? ಈ ಸಲ ಬೇಡ. ಆ ಮನೆಯ ಹಿರಿಯರು ವರ್ಷವಿಡೀ ಕಾಯುವುದು ಚಕ್ಕೆ, ಜಾಕಾಯಿಯ ಘಮಕ್ಕೆ.

ಫಾಯಿಲ್ ಮುಚ್ಚಿ 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ ಇಡಿ. ತೆಗೆದು ನೋಡಿದಾಗ ತಳದಲ್ಲಿ ನೀರು ನಿಂತಿರುತ್ತದೆ, ಗಾಬರಿ ಬೇಡ. ಇನ್ನು ಫಾಯಿಲ್ ಬೇಡ. ಮತ್ತೆ ಅರ್ಧ ಗಂಟೆಯಿಂದ 40 ನಿಮಿಷ ಬೇಯಲಿ. ಹತ್ತು ನಿಮಿಷಕ್ಕೊಮ್ಮೆ ಆ ರಸವನ್ನೇ ಚಮಚದಲ್ಲಿ ಎತ್ತಿ ಬಿಲ್ಲೆಗಳ ಮೇಲೆ ಹಾಕುತ್ತಿರಿ. ಸೌಟಿನಿಂದ ತಿರುವಿದರೆ ಒಡೆದು ಮುದ್ದೆಯಾಗುತ್ತವೆ. ರಸ ದೊಡ್ಡ ಗುಳ್ಳೆ ಬಿಟ್ಟು ಕುದಿಯುವಾಗ ಆಚೆ ತೆಗೆಯಿರಿ. ಆಗ ಇನ್ನೂ ತೆಳ್ಳಗೇ ಕಾಣುತ್ತದೆ. ಕಾಲು ಗಂಟೆ ಸುಮ್ನೆ ಬಿಟ್ಟರೆ ಪಾಕ ಬಿಲ್ಲೆಗೆ ಅಂಟಿಕೊಳ್ಳುತ್ತದೆ.

ಮೇಲೆ ಮಾರ್ಷ್‌ಮ್ಯಾಲೋ (ಮೆತ್ತನೆಯ ಸಕ್ಕರೆ ಮಿಠಾಯಿ) ಹಾಕುವ ಪದ್ಧತಿ ಬಹಳ ಮನೆಗಳಲ್ಲಿದೆ. ನೀವು ಸಸ್ಯಾಹಾರಿಗಳಾದರೆ ಗಮನಿಸಿ: ಸಾಮಾನ್ಯ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಬದಲಿಗೆ ಹುರಿದ ಪೆಕಾನ್ (ಅಕ್ರೋಟಿನಂಥ ಬೀಜ) ಉದುರಿಸಿ, ನನಗಂತೂ ಅದೇ ಜಾಸ್ತಿ ಇಷ್ಟ.

ಹಬ್ಬದ ದಿನ ಅವರ ಓವನ್ ಟರ್ಕಿ ಕೋಳಿ ಬೇಯಿಸೋದಕ್ಕೇ ಮೀಸಲು. ಹಾಗಾಗಿ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ. ಅಲ್ಲಿ ಹೋಗಿ ಟರ್ಕಿ ಹೊರಗೆ ಬಂದ ಮೇಲೆ 20 ನಿಮಿಷ ಬಿಸಿ ಮಾಡಿ. ಪೆಕಾನ್ ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.