ಕಂಡ ಚುಕ್ಕಿಯೆಲ್ಲ ಕಳ್ಳ ದೋಣಿಯಲ್ಲ

ಚಳ್ಳಕೆರೆಯ ತಂಗಿಗೆ ನಮಸ್ಕಾರ.

ಕಡಲಿನ ಅಕ್ರಮ ಮೀನುಗಾರಿಕೆಯನ್ನು ಉಪಗ್ರಹಗಳು ಹೇಗೆ ಪತ್ತೆ ಮಾಡುತ್ತವೆ ಅಂತ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿದರೆ ಖಂಡಿತ ಹಾಕುತ್ತೇನೆ.

ಮೊದಲ ಎರಡು ಪುಟ ಬರೀ ಉಪಗ್ರಹಗಳ ಹೆಸರು, ಹಾರಿಸಿದ ವರ್ಷ. ಅದು ಬೇಡ. ಒಂದು ರಾತ್ರಿಯನ್ನು ತೋರಿಸಿ. ಜುಲೈ ತಿಂಗಳು, ಮಲ್ಪೆಯ ಆಚೆ ಕಡಲು, ಮೇಲೆ ದಟ್ಟ ಮೋಡ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಕ್ಯಾಮೆರಾಗೆ ಹಗಲಿನ ಬೆಳಕು ಬೇಕು, ಮೋಡ ಇರಬಾರದು. ಅದಕ್ಕೆ ಏನೂ ಕಾಣುವುದಿಲ್ಲ. ಸೆಂಟಿನೆಲ್-1, ನಮ್ಮ ಇಸ್ರೋದ ಇಒಎಸ್-04 ಉಪಗ್ರಹಗಳು ತಾವೇ ರಾಡಾರ್ ಅಲೆ ಕಳಿಸಿ, ತಿರುಗಿ ಬಂದದ್ದನ್ನು ಹಿಡಿಯುತ್ತವೆ. ಕತ್ತಲು, ಮೋಡ ಎರಡೂ ಅಡ್ಡಿಯಲ್ಲ. ಉಕ್ಕಿನ ಹಡಗು ಕಪ್ಪು ನೀರಿನ ಮೇಲೆ ಬಿಳಿ ಚುಕ್ಕಿಯಾಗಿ ಹೊಳೆಯುತ್ತದೆ. ಸಣ್ಣ ಮರದ ದೋಣಿ ತೆರೆಗಳ ನಡುವೆ ಕಳೆದುಹೋಗಬಹುದು. ರಾತ್ರಿ ಬೆಳಕನ್ನು ಹಿಡಿಯುವ ಉಪಗ್ರಹ ಸಂವೇದಕ ವಿಐಐಆರ್‌ಎಸ್‌ಗೆ ಚಿತ್ರದ ಒಂದು ಚುಕ್ಕಿ ಅಂದರೆ ಕಡಲಿನ ಮೇಲೆ ಸುಮಾರು 750 ಮೀಟರ್. ದೋಣಿಯ ಆಕಾರ ಸಿಗದು, ದಟ್ಟ ಮೋಡ ಇಲ್ಲದ ರಾತ್ರಿ ಜೋರಾದ ದೀಪ ಹಾಕಿ ಮೀನು ಹಿಡಿಯುವುದು ಸಿಗುತ್ತದೆ. ಹೀಗೆ ಬರೆದರೆ ಹೋಲಿಕೆ ತಾನಾಗಿ ಬರುತ್ತದೆ ಅಲ್ವಾ?

ನನಗೆ ಬೇಜಾರಾದ ಸಾಲು ಬೇರೆ. 'ಸಿಗ್ನಲ್ ಕಳಿಸದ ದೋಣಿಗಳೆಲ್ಲ ಕಳ್ಳ ದೋಣಿಗಳು' ಅಂದಿದ್ದೀರಿ. ಇದು ತಪ್ಪು. ಬಡವರ ಹೊಟ್ಟೆಯ ವಿಷಯ, ಸುಮ್ನೆ ಬಿಡುವಂಥದ್ದಲ್ಲ. ಹಡಗು ಇರುವ ಜಾಗವನ್ನು ಸಿಗ್ನಲ್ ಕಳಿಸಿ ಹೇಳುವ ಎಐಎಸ್ ಪೆಟ್ಟಿಗೆ ದೊಡ್ಡ ಹಡಗುಗಳಿಗೆ ಕಡ್ಡಾಯ. ಎಷ್ಟೋ ಸಣ್ಣ ದೋಣಿಗಳಲ್ಲಿ ಆ ಪೆಟ್ಟಿಗೆಯೇ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಗಳು ಆಗಲೂ ಇಳಿಯಬಹುದು. ಆ ಚುಕ್ಕಿ ಯಾರದ್ದು ಅಂತ ಒಂದೇ ಚಿತ್ರ ಹೇಳಲಾರದು.

ಉತ್ತರ ಕೊರಿಯಾ ಕಡಲಿನ ಅಕ್ರಮ ಮೀನುಗಾರಿಕೆ ಬಗ್ಗೆ 2020ರಲ್ಲಿ ಬಂದ ಅಧ್ಯಯನ ನೀವು ಓದಿದ್ದೀರಿ, ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬೆಳೆಸಿ. ಅಲ್ಲಿ ಎಐಎಸ್, ರಾಡಾರ್, ಕ್ಯಾಮೆರಾ, ರಾತ್ರಿ ಬೆಳಕು ನಾಲ್ಕನ್ನೂ ಸೇರಿಸಿ ನೋಡಿದರು. 2017ರಲ್ಲಿ ಅಲ್ಲಿ ಮೀನು ಹಿಡಿದ 900ಕ್ಕೂ ಜಾಸ್ತಿ ಚೀನಾ ಮೂಲದ ಹಡಗುಗಳು ಹಾಗೆ ಲೆಕ್ಕಕ್ಕೆ ಸಿಕ್ಕವು.

ಕೊನೆಯ ಪುಟದಲ್ಲಿ ಮಾರಿಕಣಿವೆ ಅಣೆಕಟ್ಟೆ ಮೇಲೆ ನಿಂತಿದ್ದನ್ನು ಬರೆದಿದ್ದೀರಿ. ಮಧ್ಯಾಹ್ನದ ಬಿಸಿಲಿಗೆ ನೀರು ಫಳಫಳ ಹೊಳೆದು, ಕಣ್ಣೆದುರಿನ ಹರಿಗೋಲೇ ಕಾಣದೆ ಹೋಯಿತು ಅಂತ. ಉಪಗ್ರಹದ ಕ್ಯಾಮೆರಾಗೂ ಇದೇ ಕಷ್ಟ. ಲೇಖನವನ್ನು ಅಲ್ಲಿಂದ ಶುರು ಮಾಡಿ. ಎಂಟುನೂರು ಪದ ಸಾಕು. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟು ಕಾಯುತ್ತೇನೆ.

ನಿಮ್ಮ ಸಂಪಾದಕ,
ದಾವಣಗೆರೆ