ಮಂಜಿನ ಬೆಟ್ಟಕ್ಕೆ ಹೊರಟವರಿಗೆ ಮೊಬೈಲಿನಲ್ಲಿ ರಾ ಬೇಕೇ, ಜೆಪೆಗ್ ಸಾಕೇ?

ಅಕ್ಟೋಬರ್‌ನಲ್ಲಿ ನಾಲ್ಕು ದಿನ ಮಡಿಕೇರಿ, ತಲಕಾವೇರಿ ಕಡೆ ಬರುತ್ತಿದ್ದೇನೆ, ಹೊಸ ಮೊಬೈಲಿನಲ್ಲಿ ರಾ ಎಂಬ ಆಯ್ಕೆಯಿದೆ, ಅದರಲ್ಲಿ ತೆಗೆದ ಚಿತ್ರ ಜೆಪೆಗ್‌ಗಿಂತ ಸಪ್ಪೆಯಾಗಿ ಕಾಣುತ್ತದೆ, ಫೈಲ್ ಮಾತ್ರ ಐದಾರು ಪಟ್ಟು ದೊಡ್ಡದು, ಹಾಗಿದ್ದರೆ ಅದರಿಂದ ಪ್ರಯೋಜನವೇನು ಎಂದು ಕೇಳಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ದಿನ ರಾ ಹಾಕಿಟ್ಟುಕೊಂಡು ತಿರುಗಬೇಡಿ; ಮಂಜೂ ಬಿಸಿಲೂ ಬೆರೆತಿರುವ ಬೆಳಗಿನ ಹೊತ್ತಿಗೆ ಹಾಕಿಕೊಳ್ಳಿ, ಅದೂ ಊರಿಗೆ ಮರಳಿದ ಮೇಲೆ ಕುಳಿತು ತಿದ್ದುವ ತಾಳ್ಮೆ ಇದ್ದರೆ ಮಾತ್ರ. ಸೋಮವಾರಪೇಟೆ ಸಮೀಪದ ತೋಟದಲ್ಲಿದ್ದುಕೊಂಡು ಹಲವು ವರ್ಷಗಳಿಂದ ಮೊಬೈಲಿನಲ್ಲೇ ಚಿತ್ರ ತೆಗೆಯುತ್ತಿರುವ ನಾನು ರಾ ಬೇಕಾದಲ್ಲಿ ಜೆಪೆಗ್, ಜೆಪೆಗ್ ಬೇಕಾದಲ್ಲಿ ರಾ ತೆಗೆದು ಎರಡು ಬಗೆಯಲ್ಲೂ ಕೆಟ್ಟಿದ್ದೇನೆ.

ಸಪ್ಪೆಯಾಗಿ ಕಾಣುವುದಕ್ಕೆ ಕಾರಣ ಸರಳವಾಗಿದೆ. ಕ್ಯಾಮೆರಾದ ಸೆನ್ಸರ್‌ನ ಪ್ರತಿಯೊಂದು ಬಿಂದುವಿನ ಮೇಲೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಯಾವುದಾದರೂ ಒಂದೇ ಬಣ್ಣದ ಶೋಧಕ ಇರುತ್ತದೆ. ನಾಲ್ಕು ಬಿಂದುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ಈ ಜೋಡಣೆಯೇ ಇಂದಿಗೂ ಬಹುತೇಕ ಮೊಬೈಲುಗಳ ತಳಹದಿ. ಬಿಂದುಗಳು ಅಳೆದ ಬೆಳಕಿನ ಲೆಕ್ಕವನ್ನು ಹೆಚ್ಚುಕಡಿಮೆ ಹಾಗೆಯೇ ಬರೆದಿಟ್ಟರೆ ಅದು ರಾ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದಿಂದ ಊಹಿಸುವುದು, ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹದ, ಅಂದರೆ ವೈಟ್ ಬ್ಯಾಲೆನ್ಸ್ ಸರಿಪಡಿಸುವುದು, ಕಾಳುಕಾಳಾದ ನಾಯ್ಸ್ ಒರೆಸುವುದು, ಅಂಚುಗಳನ್ನು ಚೂಪುಗೊಳಿಸುವುದು, ಕಾಂಟ್ರಾಸ್ಟ್ ಏರಿಸುವುದು ಇವೆಲ್ಲವನ್ನೂ ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ, ಕಣ್ಣಿಗೆ ಕಾಣದೆಂದು ತೋರಿದ್ದನ್ನು ಎಸೆದು, ಮಿಕ್ಕದ್ದನ್ನು ಒತ್ತಿ ಕಟ್ಟಿಟ್ಟರೆ ಅದು ಜೆಪೆಗ್. ನಮ್ಮ ಕಡೆಯವರು ಇದನ್ನು ಕಾಫಿಯ ಹಸಿ ಬೀಜಕ್ಕೂ ಹುರಿದ ಪುಡಿಗೂ ಹೋಲಿಸುತ್ತಾರೆ. ಹೋಲಿಕೆ ಅರ್ಧ ಸರಿ. ಬೀಜವನ್ನು ಒಮ್ಮೆ ಹುರಿದರೆ ಮುಗಿಯಿತು, ಆದರೆ ರಾ ಫೈಲನ್ನು ಎಷ್ಟು ಸಲ ಬೇಕಾದರೂ ಬೇರೆ ಬೇರೆ ಹದಕ್ಕೆ ಹುರಿಯಬಹುದು, ಮೂಲ ಹಾಗೆಯೇ ಉಳಿದಿರುತ್ತದೆ.

ಈಗ ಮಂಜಿನ ವಿಷಯ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ 8 ಬಿಟ್, ಅಂದರೆ ಕಪ್ಪಿನಿಂದ ಪೂರ್ತಿ ಬೆಳಕಿನವರೆಗೆ 256 ಮೆಟ್ಟಿಲುಗಳು. ಮೊಬೈಲಿನ ರಾ ಸಾಮಾನ್ಯವಾಗಿ 10 ಬಿಟ್, ಅಂದರೆ 1024 ಮೆಟ್ಟಿಲುಗಳು. ಕೆಲವು ಮೊಬೈಲುಗಳಲ್ಲಿ 12 ಬಿಟ್. ನಾಲ್ಕು ಪಟ್ಟು ತಾನೇ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಮೆಟ್ಟಿಲುಗಳು ಎರಡರಲ್ಲೂ ಒಂದೇ ರೀತಿ ಹಂಚಿಕೆಯಾಗಿಲ್ಲ. ಬೆಳಕು ಎರಡು ಪಟ್ಟಾಗುವ ಒಂದೊಂದು ಹಂತಕ್ಕೂ ಸ್ಟಾಪ್ ಎನ್ನುತ್ತಾರೆ. ರಾ ಬೆಳಕನ್ನು ಇದ್ದ ಅಳತೆಯಲ್ಲೇ ಬರೆಯುವುದರಿಂದ ಅತ್ಯಂತ ಬೆಳಕಿನ ಒಂದು ಸ್ಟಾಪ್‌ಗೇ ಅರ್ಧದಷ್ಟು, ಎಂದರೆ 512 ಮೆಟ್ಟಿಲುಗಳು ಸಿಗುತ್ತವೆ. ಜೆಪೆಗ್ ನಮ್ಮ ಕಣ್ಣಿಗೆ ಹೊಂದುವಂತೆ ಕತ್ತಲಿನ ಭಾಗಕ್ಕೆ ಹೆಚ್ಚು ಹಂಚುವುದರಿಂದ ಅದೇ ಸ್ಟಾಪ್‌ಗೆ ಸುಮಾರು 70 ಮಾತ್ರ ಉಳಿಯುತ್ತವೆ. ತಲಕಾವೇರಿಯ ಬ್ರಹ್ಮಗಿರಿಯ ಮೇಲೆ ನಿಂತು ನೋಡಿದರೆ ಒಂದರ ಹಿಂದೊಂದು ಬೆಟ್ಟದ ಸಾಲು ತೆಳುವಾಗುತ್ತಾ ಹೋಗಿ ಕೊನೆಗೆ ಎಲ್ಲಿ ಬೆಟ್ಟ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಎಂದೇ ತಿಳಿಯುವುದಿಲ್ಲ; ಆ ಸಾಲುಗಳೆಲ್ಲ ಬೀಳುವುದು ಬೆಳಕಿನ ಆ ಇಕ್ಕಟ್ಟಾದ ಪಟ್ಟಿಯೊಳಗೇ. ಜೆಪೆಗ್ ಚಿತ್ರವನ್ನು ಇದ್ದಂತೆಯೇ ನೋಡಿದರೆ ಕೊರತೆ ಕಾಣುವುದಿಲ್ಲ. ಹಿಂದಿನ ಸಾಲು ಸ್ವಲ್ಪ ಎದ್ದು ಕಾಣಲಿ ಎಂದು ಕಾಂಟ್ರಾಸ್ಟ್ ಎಳೆದಾಗಲೇ ಮಂಜು ಗದ್ದೆಯ ಬದುಗಳಂತೆ ಪಟ್ಟಿಪಟ್ಟಿಯಾಗಿ ಒಡೆಯುವುದು, ಅದರ ಮೇಲೆ ಜೆಪೆಗ್ ಚಿತ್ರವನ್ನು ಕತ್ತರಿಸುವ 8×8 ಬಿಂದುಗಳ ಚೌಕಗಳೂ ಮಸುಕಾಗಿ ಮೂಡುವುದು. ಅದೇ ಬೆಳಗಿನ ರಾ ಫೈಲು ಇಷ್ಟು ಎಳೆದಾಟವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ.

ಹಾಗೆಂದು ರಾ ಎಲ್ಲೆಡೆ ಮೇಲು ಎಂದುಕೊಂಡು ನಾನು ಪೆಟ್ಟು ತಿಂದದ್ದು ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಒಂದು ರಾತ್ರಿ. ಹುಣ್ಣಿಮೆಯ ಬೆಳಕಿನಲ್ಲಿ ಎಲ್ಲರೂ ಗದ್ದೆಗಿಳಿದು, ಬಂದೂಕಿನ ಸದ್ದಾಗಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ಕೊಯ್ಯುವ ಆ ಐದು ನಿಮಿಷವನ್ನು ನಾನು, ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ಬರೀ ರಾ ಫೈಲುಗಳಾಗಿ ತೆಗೆದಿದ್ದೆ. ಮನೆಗೆ ಬಂದು ತೆರೆದರೆ ಮುಖಗಳ ಮೇಲೆಲ್ಲ ರವೆ ಚೆಲ್ಲಿದಂತೆ ನಾಯ್ಸ್, ನಾಲ್ಕು ಮೂಲೆಗಳಲ್ಲಿ ಕತ್ತಲೆ. ಪಕ್ಕದಲ್ಲೇ ನಿಂತಿದ್ದ ನೆಂಟರ ಹುಡುಗ ಸಾಧಾರಣ ಮೊಬೈಲಿನ ನೈಟ್ ಮೋಡ್‌ನಲ್ಲಿ ತೆಗೆದ ಜೆಪೆಗ್‌ನಲ್ಲಿ ಕದಿರಿನ ತೆನೆಯನ್ನು ಎಣಿಸಬಹುದಾಗಿತ್ತು. ಆತನ ಮೊಬೈಲು ಒಂದು ಚಿತ್ರವನ್ನಲ್ಲ, ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸಿ ಸರಾಸರಿ ಮಾಡಿತ್ತು. ಹೀಗೆ 9 ಚಿತ್ರ ಸೇರಿದರೆ ನಾಯ್ಸ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನನ್ನ ರಾ ಒಂದೇ ಒಂದು ಚಿತ್ರದ ಬೆಳಕು, ಅದೂ ಕಿರುಬೆರಳಿನ ಉಗುರಿನಷ್ಟು ಅಗಲದ ಸೆನ್ಸರ್ ಹಿಡಿದದ್ದು.

ಆದ್ದರಿಂದ ನಿಮ್ಮ ಮೊಬೈಲಿನ ರಾ ಯಾವ ಜಾತಿಯದು ಎಂದು ಮೊದಲು ನೋಡಿಕೊಳ್ಳಿ. ಪ್ರೊ ಮೋಡ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಒಂಟಿ ಚಿತ್ರದ ರಾ. ಆಂಡ್ರಾಯ್ಡ್‌ನಲ್ಲಿ 2014ರ 5.0 ಆವೃತ್ತಿಯಿಂದ, ಐಫೋನಿನಲ್ಲಿ 2016ರಿಂದ ಇದಕ್ಕೆ ಅವಕಾಶವಿದೆ. ಆ್ಯಪಲ್ 2020ರಲ್ಲಿ ತಂದ ಪ್ರೊರಾ, ಸ್ಯಾಮ್‌ಸಂಗ್‌ನ ಎಕ್ಸ್‌ಪರ್ಟ್ ರಾ ಇವು ಹಲವು ಚಿತ್ರಗಳನ್ನು ಕೂಡಿಸಿದ ಬಳಿಕ ಬರೆಯುವ ರಾ, ಕತ್ತಲೆಯಲ್ಲೂ ಕೈಬಿಡುವುದು ಕಡಿಮೆ. ಎರಡಕ್ಕೂ ಡಿಎನ್‌ಜಿ ಎಂಬ ಒಂದೇ ಬಾಲ ಫೈಲಿನ ಹೆಸರಿನ ಕೊನೆಯಲ್ಲಿರುವುದರಿಂದ ಗೊಂದಲ. ಹೆಚ್‌ಇಐಸಿ ಎಂಬುದನ್ನು ಕಂಡರೆ ಅದನ್ನು ರಾ ಎಂದು ತಿಳಿಯಬೇಡಿ. ಅದು ಜೆಪೆಗ್‌ನ ಅರ್ಧದಷ್ಟು ಜಾಗ ಹಿಡಿಯುವ ಇನ್ನೊಂದು ಸಿದ್ಧ ಅಡುಗೆ.

ರಾ ತೆಗೆಯುವಾಗ ಎಕ್ಸ್‌ಪೋಷರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ದೃಶ್ಯದ ಹೆಚ್ಚು ಬೆಳಕಿನ ಭಾಗಕ್ಕೆ ಹೊಂದಿಸಿ. ಮಂಜಿನ ಹಿಂದಿನಿಂದ ಸೂರ್ಯ ಇಣುಕುವಾಗ ಚಿತ್ರ ತುಸು ಕಪ್ಪಾದರೂ ಚಿಂತೆಯಿಲ್ಲ. ಕಪ್ಪನ್ನು ಆಮೇಲೆ ಎತ್ತಬಹುದು, ಪೂರ್ತಿ ಬಿಳಿಯಾಗಿ ಹೋದದ್ದನ್ನು ರಾ ಕೂಡ ಮರಳಿ ಕೊಡುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಮಾರ್ಚ್ ತಿಂಗಳಲ್ಲಿ ನಾನು ಇದನ್ನು ಕಲಿತದ್ದು: ಕಾಫಿ ಹೂವಿನ ಎಸಳು ಒಮ್ಮೆ ಸುಟ್ಟುಹೋದರೆ ಅಲ್ಲಿ ಉಳಿಯುವುದು ಸುಣ್ಣದ ಚುಕ್ಕೆ. ಮರದ ನೆರಳಿನಲ್ಲಿ ಮುಖಕ್ಕೆ ಹಸಿರು ಛಾಯೆ ಬಂದಿದ್ದರೆ ಮಾತ್ರ ಹೆದರಬೇಕಿಲ್ಲ, ಏಕೆಂದರೆ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಎಂಬುದು ಬರೀ ಒಂದು ಟಿಪ್ಪಣಿ, ಅದನ್ನು ನಂತರ ಬದಲಿಸಿದರೆ ಚಿತ್ರಕ್ಕೆ ನಷ್ಟವಿಲ್ಲ.

ಮದುವೆ ಮನೆಯಲ್ಲಿ ಕೊಡವ ಗಂಡಸರ ಉದ್ದನೆಯ ಕಪ್ಪು ಅಂಗಿಯಾದ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತಿದ ಕೆಂಪು ರೇಷ್ಮೆ ಪಟ್ಟಿ, ಚೇಲೆಯನ್ನು ಹತ್ತಿರದಿಂದ ತೆಗೆಯುವ ಸಂದರ್ಭ ಬಂದರೆ ಅಲ್ಲಿಯೂ ರಾ ಉಪಯೋಗಕ್ಕೆ ಬರುತ್ತದೆ. ಜೆಪೆಗ್ ಸಾಮಾನ್ಯವಾಗಿ ಬೆಳಕನ್ನು ಪೂರ್ತಿ ವಿವರದಲ್ಲಿಟ್ಟು ಬಣ್ಣವನ್ನು ಮಾತ್ರ ಉದ್ದಗಲ ಎರಡರಲ್ಲೂ ಅರ್ಧಕ್ಕಿಳಿಸುತ್ತದೆ. ಕೆಂಪು ರೇಷ್ಮೆಯೊಳಗಿನ ಜರಿಯ ಎಳೆಗಳು ಕಲಸಿಹೋಗುವುದರಲ್ಲಿ ಇದರದ್ದೂ ಒಂದು ಪಾಲಿದೆ. ಉಳಿದಂತೆ ಊಟ, ದಾರಿ, ಗೆಳೆಯರು, ಜಲಪಾತದ ಮುಂದಿನ ಗುಂಪು ಇವಕ್ಕೆಲ್ಲ ಜೆಪೆಗ್ ಧಾರಾಳವಾಗಿ ಸಾಕು. ತೋಟದಲ್ಲಿ ಎಲೆ ತುಕ್ಕು ಬಂದಾಗ ತಜ್ಞರಿಗೆ ನಾನು ಕಳಿಸುವುದೂ ಜೆಪೆಗ್ ಚಿತ್ರವನ್ನೇ, ವಾಟ್ಸ್‌ಆ್ಯಪ್ ಮತ್ತೆ ಕುಗ್ಗಿಸದಂತೆ ಡಾಕ್ಯುಮೆಂಟ್ ಆಗಿ.

ತಿದ್ದುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ: ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಎರಡೂ ಡಿಎನ್‌ಜಿ ತೆರೆಯುತ್ತವೆ. ಜಾಗದ ಲೆಕ್ಕ ಮಾತ್ರ ಹೊರಡುವ ಮೊದಲೇ ಮಾಡಿ. 12 ಮೆಗಾಪಿಕ್ಸೆಲ್‌ನ ಒಂದು ಪ್ರೊರಾ ಚಿತ್ರಕ್ಕೆ ಸುಮಾರು 25 ಎಂಬಿ, 48 ಮೆಗಾಪಿಕ್ಸೆಲ್‌ನದಕ್ಕೆ ಸುಮಾರು 75 ಎಂಬಿ; ಮೊದಲನೆಯದರಲ್ಲಿ 300 ಚಿತ್ರ ತೆಗೆದರೂ 7.5 ಜಿಬಿ ಹೋಯಿತು. ಬೆಟ್ಟದ ಮೇಲೆ ನೆಟ್‌ವರ್ಕ್ ಹೋಗುತ್ತಾ ಬರುತ್ತಾ ಇರುತ್ತದೆ, ತಂಗುವ ಮನೆಯ ವೈಫೈ ಕೂಡ ಅಷ್ಟನ್ನು ರಾತ್ರಿ ಕಳೆಯುವುದರೊಳಗೆ ಕ್ಲೌಡ್‌ಗೆ ಏರಿಸುತ್ತದೆ ಎಂದು ನಂಬಿಕೊಂಡು ಬರಬೇಡಿ. ರಾ ಜೊತೆಗೆ ಜೆಪೆಗ್ ಉಳಿಸುವ ಆಯ್ಕೆ ನಿಮ್ಮ ಮೊಬೈಲಿನಲ್ಲಿದ್ದರೆ ಅದನ್ನೇ ಹಾಕಿ. ಸಂಜೆ ಜೆಪೆಗ್ ನೋಡುತ್ತಾ ಬೇಡವಾದವುಗಳ ರಾ ಅಳಿಸುತ್ತಾ ಬಂದರೆ ಮರುದಿನ ಬೆಳಗಿನ ಮಂಜಿಗೆ ಜಾಗ ಇರುತ್ತದೆ.