ಇವತ್ತು ಶಾಲೆಯಲ್ಲಿ ಏನಾಯ್ತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಶಾಲೆಯ ಸುದ್ದಿ ಮನೆಗೆ ಹೇಗೆ ಹೋಗಬೇಕು, ಎಷ್ಟು ಹೋಗಬೇಕು ಅಂತ. ಬರೆದವರಲ್ಲಿ ಟೀಚರ್‌ಗಳೂ ಇದ್ದಾರೆ, ಅಪ್ಪ-ಅಮ್ಮಂದಿರೂ ಇದ್ದಾರೆ. ಇವರಿಗೆ ಅವರ ಮೇಲೆ, ಅವರಿಗೆ ಇವರ ಮೇಲೆ ಸ್ವಲ್ಪ ಸಿಟ್ಟಿದೆ. ನಾನು ಅರಸೀಕೆರೆ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ಇಲ್ಲಿ ಹೇಳುವುದೆಲ್ಲ ಅಲ್ಲಿ ಕಂಡದ್ದು.

ಪ್ರಶ್ನೆ: ನಲಿ-ಕಲಿ (ಆಟ, ಚಟುವಟಿಕೆಗಳ ಮೂಲಕ ಕಲಿಸುವ) ತರಗತಿ ನನ್ನದು. ಪೋಷಕರ ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ. ದಿನಾ ಫೋಟೋ ಹಾಕುತ್ತೇನೆ. ವಾಪಸ್ ಬರುವುದು ಕೈ ಮುಗಿದ ಚಿತ್ರ, ಇಲ್ಲಾಂದ್ರೆ ಗುಲಾಬಿ ಹೂವಿನ ಶುಭೋದಯ. ಯಾರೂ ಓದುವುದಿಲ್ಲ ಅನಿಸುತ್ತೆ. ಏನು ಮಾಡಲಿ? (ಶಿಕ್ಷಕಿ, ಕಡೂರು ತಾಲ್ಲೂಕು)

ಉತ್ತರ: ಎಂಥ ಫೋಟೋ ಅಂತ ನೀವು ಬರೆದಿಲ್ಲ. ಆದರೂ ಊಹಿಸಬಲ್ಲೆ. ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಮುಂದೆ ಕುರ್ಚಿಯಲ್ಲಿ ಅತಿಥಿಗಳು, ಕೆಳಗೆ ‘ಇಂದು ನಮ್ಮ ಶಾಲೆಯಲ್ಲಿ ಪರಿಸರ ದಿನಾಚರಣೆಯನ್ನು ಅರ್ಥಪೂರ್ಣವಾಗಿ ಆಚರಿಸಲಾಯಿತು’. ಅದಕ್ಕೆ ಕೈ ಮುಗಿಯದೆ ಇನ್ನೇನು ಮಾಡುತ್ತಾರೆ ಹೇಳಿ! ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕಳಿಸುವ ವರದಿ. ಮಗುವಿನ ಅಮ್ಮನಿಗೆ ಅದರಲ್ಲಿ ಏನೂ ಇಲ್ಲ. ಮೂರನೇ ಸಾಲಿನಲ್ಲಿ ತನ್ನ ಮಗಳ ಜಡೆ ಕಂಡರೆ ಅಷ್ಟೇ ಪುಣ್ಯ.

ಮನೆಯಲ್ಲಿ ಮಾತು ಶುರುವಾಗುವಂಥದ್ದನ್ನು ಹಾಕಿ. ನಿಮ್ಮದೇ ತರಗತಿಯನ್ನು ತೆಗೆದುಕೊಳ್ಳಿ. ಒಂದನೇ ತರಗತಿಯ ಮಗು ಶಾಲೆಗೆ ಬಂದು ತಿಂಗಳಾದರೂ ‘ಅ ಆ ಇ ಈ’ ಒಪ್ಪಿಸುವುದಿಲ್ಲ. ಅಜ್ಜಂದಿರಿಗೆ ಗಾಬರಿ. ‘ಏನಮ್ಮಾ, ಬರೀ ಆಟ ಆಡಿಸ್ತೀರಾ? ಪುಸ್ತಕ ಎಲ್ಲಿ?’ ಅಂತ ಗೇಟಿನ ಹತ್ತಿರವೇ ಹಿಡಿದುಕೊಳ್ಳುತ್ತಾರೆ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ. ಇಷ್ಟು ವರ್ಷ ಆದರೂ ಈ ಪ್ರಶ್ನೆ ನಿಂತಿಲ್ಲ. ಯಾಕೆಂದರೆ ನಾವು ಅವರಿಗೆ ಹೇಳಿಯೇ ಇಲ್ಲ.

ಈ ವಾರ ಹೀಗೆ ಬರೆದು ನೋಡಿ: ‘ನಿಮ್ಮ ಮಕ್ಕಳು ರ, ಗ, ಸ, ದ, ಅ ಕಲಿತಿದ್ದಾರೆ. ವರ್ಣಮಾಲೆಯ ಸಾಲು ಹಿಡಿದು ಹೋಗುತ್ತಿಲ್ಲ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಪದ ಆಗುತ್ತೆ, ಅದಕ್ಕೇ ಇವು ಮೊದಲು. ಈ ಐದೇ ಅಕ್ಷರದಲ್ಲಿ ಎಷ್ಟು ಪದ ಬರುತ್ತೆ, ರಾತ್ರಿ ಊಟಕ್ಕೆ ಕೂತಾಗ ಹುಡುಕಿ.’ ಅಷ್ಟೇ. ಅರಸ, ಸರ, ದರ, ಅಗಸ, ರಸ ಎಲ್ಲ ಬರುತ್ತೆ. ಗರಗಸ ಹೊಳೆದವರು ಮಾರನೇ ದಿನ ಜಂಬದಿಂದ ಬರುತ್ತಾರೆ. ನಮ್ಮೂರಲ್ಲಿ ಅದನ್ನು ಮೊದಲು ಹಿಡಿದದ್ದು ಒಬ್ಬ ಬಡಗಿ. ಮಗ ಬಂದು, ‘ನಮ್ಮಪ್ಪ ದಿನಾ ಅದನ್ನೇ ಹಿಡ್ಕೊಂಡಿರ್ತಾರೆ ಮಿಸ್’ ಅಂದ.

ದೊಡ್ಡ ತರಗತಿಯದ್ದೂ ಒಂದು ಹೇಳುತ್ತೇನೆ. ಅಳತೆಯ ಪಾಠದ ದಿನ ಮಕ್ಕಳು ಕಪ್ಪು ಹಲಗೆಯನ್ನು ಗೇಣಿನಲ್ಲಿ ಅಳೆದರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು. ಜಗಳವೋ ಜಗಳ. ಯಾರದು ಸರಿ? ಗ್ರೂಪಿನಲ್ಲಿ ಜಗಳವನ್ನೇ ಬರೆದೆ, ಉತ್ತರ ಬರೆಯಲಿಲ್ಲ. ಆ ರಾತ್ರಿ ಬಂದ ವಾಯ್ಸ್ ಮೆಸೇಜ್‌ಗಳನ್ನು ಇನ್ನೂ ಅಳಿಸಿಲ್ಲ. ಹೂ ಮಾರುವ ಒಬ್ಬ ತಾಯಿ ಹೇಳಿದ್ದು: ‘ಟೀಚರ್, ನನ್ನ ಕೈ ಗಿಡ್ಡ. ನಿನ್ನ ಮೊಳ ಮೋಸ ಅಂತ ಗಿರಾಕಿಗಳು ದಿನಾ ಬಯ್ತಾರೆ. ಅದಕ್ಕೆ ಮಾರು ಲೆಕ್ಕಕ್ಕೆ ಒಂದು ಗೇಣು ಜಾಸ್ತಿ ಬಿಡ್ತೀನಿ.’ ಮಾರನೇ ದಿನ ಅದನ್ನು ತರಗತಿಯಲ್ಲಿ ಜೋರಾಗಿ ಕೇಳಿಸಿದೆ, ಅವರನ್ನು ಕೇಳಿಯೇ. ಸ್ಕೇಲ್ ಯಾಕೆ ಬೇಕು ಅಂತ ನಾನು ವಿವರಿಸುವ ಕೆಲಸವೇ ಉಳಿಯಲಿಲ್ಲ. ಆ ಮಗಳ ಮುಖ ನೋಡಬೇಕಿತ್ತು.

ದಿನಾ ಹಾಕಬೇಡಿ. ವಾರಕ್ಕೆ ಎರಡು ಸಾಕು. ಗುಲಾಬಿ ಹೂವಿನ ಕಾಟಕ್ಕೆ ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಕಳಿಸುವಂತೆ ಮಾಡಬಹುದು. ಆದರೆ ಆಗ ಗರಗಸವೂ ಬರುವುದಿಲ್ಲ, ಗಿಡ್ಡ ಮೊಳವೂ ಬರುವುದಿಲ್ಲ. ನಾನು ಗುಲಾಬಿ ಸಹಿಸಿಕೊಂಡಿದ್ದೇನೆ.

ಪ್ರಶ್ನೆ: ಐದನೇ ತರಗತಿಯ ಹುಡುಗ ಪಕ್ಕದವಳ ಜಾಮಿಟ್ರಿ ಬಾಕ್ಸ್ ಎತ್ತಿಕೊಂಡ. ಚೀಲದಲ್ಲಿ ಸಿಕ್ಕಿತು, ಅತ್ತ, ವಾಪಸ್ ಕೊಟ್ಟ. ಮನೆಗೆ ಹೇಳಬೇಕಾ? ಹೇಳಿದರೆ ಅವರಪ್ಪ ಬೆಲ್ಟ್ ತೆಗೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು. (ಶಿಕ್ಷಕ, ಸಿರಾ)

ಉತ್ತರ: ಬಾಕ್ಸ್ ವಾಪಸ್ ಹೋಯಿತು, ಅವನು ಅತ್ತ, ಅವಳು ಮತ್ತೆ ಪಕ್ಕದಲ್ಲಿ ಕೂತಳಾ? ಕೂತಿದ್ದರೆ ಮುಗೀತು. ಶಾಲೆಯಲ್ಲಿ ನಡೆದ ಎಲ್ಲವೂ ಮನೆ ಮುಟ್ಟಲೇಬೇಕು ಅಂತ ಏನಿಲ್ಲ ಮೇಷ್ಟ್ರೇ.

ಮತ್ತೆ ಮತ್ತೆ ಆಗುತ್ತಿದ್ದರೆ ಮಾತ್ರ ಬೇರೆ ಮಾತು. ಆಗಲೂ ಫೋನಿನಲ್ಲಿ ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ಅಮ್ಮನೋ ಅಜ್ಜಿಯೋ ಶಾಲೆ ಕಡೆ ಬಂದಾಗ ಕೂರಿಸಿಕೊಂಡು ಮಾತಾಡಿ. ನೀವು ಹೇಳುವ ಮೊದಲು ಅವರನ್ನು ಕೇಳಿ: ಮನೆಯಲ್ಲಿ ಹೇಗಿದ್ದಾನೆ, ಏನಾದರೂ ಬೇಕು ಅಂತ ಹಟ ಮಾಡುತ್ತಿದ್ದಾನಾ? ಅವನ ಬಾಕ್ಸಿನ ಕೈವಾರ ಮುರಿದು ತಿಂಗಳಾಗಿದ್ದು ಆಗ ಗೊತ್ತಾಗಬಹುದು. ಆಮೇಲೆ ನಡೆದದ್ದು ಹೇಳಿ, ಶಾಲೆಯಲ್ಲಿ ನೀವು ಏನು ಮಾಡಿ ಮುಗಿಸಿದಿರಿ ಅನ್ನುವುದನ್ನೂ ಹೇಳಿ. ಇದು ಮುಖ್ಯ. ‘ಇವನಿಗೆ ಸ್ವಲ್ಪ ಬುದ್ಧಿ ಹೇಳಿ’ ಅಂತ ಮಾತು ಅರ್ಧಕ್ಕೆ ಬಿಟ್ಟರೆ ಉಳಿದರ್ಧ ಬೆಲ್ಟೇ ಮಾಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಮ್ಮ ಕೈಯಿಂದ ಬೆತ್ತ ಕಿತ್ತುಕೊಂಡಿತು. ಆ ಬೆತ್ತವನ್ನು ನಾವು ಅವರಪ್ಪನ ಕೈಗೆ ದಾಟಿಸುವುದು ಯಾವ ನ್ಯಾಯ?

ಪ್ರಶ್ನೆ: ನನ್ನ ಮಗ ಓದುವ ಖಾಸಗಿ ಶಾಲೆಯಲ್ಲಿ ಪ್ರತಿ ಟೆಸ್ಟ್ ಆದ ಮೇಲೆ ಎಲ್ಲರ ಅಂಕಪಟ್ಟಿ ಪೋಷಕರ ಗ್ರೂಪಿಗೆ ಹಾಕುತ್ತಾರೆ. ಮೇಲಿನವರಿಗೆ ಚಪ್ಪಾಳೆ. ನನ್ನ ಮಗನ ಹೆಸರು ಕೆಳಗಿಂದ ಎರಡನೆಯದು. ಓರಗಿತ್ತಿಯೂ ಅದೇ ಗ್ರೂಪಿನಲ್ಲಿದ್ದಾಳೆ. (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಓರಗಿತ್ತಿಯ ವಿಷಯ ಬರೆದಿರಲ್ಲ, ಪ್ರಶ್ನೆ ಅಲ್ಲೇ ಇದೆ ತಾಯಿ. ಅಂಕ ಕಮ್ಮಿ ಬಂದದ್ದಕ್ಕಿಂತ ಅದನ್ನು ಯಾರು ಯಾರು ನೋಡಿದರು ಅನ್ನುವುದು ಜಾಸ್ತಿ ಚುಚ್ಚುತ್ತದೆ. ಹುಡುಗನಿಗೂ ಹಾಗೇ.

ಪ್ರಗತಿ ಪತ್ರವನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟು, ಮನೆಯವರ ಸಹಿ ಮಾಡಿಸಿ ತರಿಸಿಕೊಳ್ಳುವುದು ಹಳೇ ಪದ್ಧತಿ. ಒಳ್ಳೇ ಪದ್ಧತಿ. ಆ ಕಾಗದ ಟೀಚರಿಗೆ, ಮಗುವಿಗೆ, ಮನೆಯವರಿಗೆ ಸೇರಿದ್ದು. ಊರಿಗಲ್ಲ. ಗ್ರೂಪಿನಲ್ಲಿ ಜಗಳ ತೆಗೆಯಬೇಡಿ, ಅಲ್ಲಿ ಟೀಚರಿಗೂ ಮುಖ ಉಳಿಸಿಕೊಳ್ಳಬೇಕಿರುತ್ತದೆ. ಶಾಲೆಗೆ ಹೋಗಿ ಹೀಗೆ ಹೇಳಿ: ‘ಮಿಸ್, ಇವನ ಅಂಕ ನನಗೊಬ್ಬಳಿಗೇ ಕಳಿಸಿ. ಜೊತೆಗೆ ಯಾವ ಲೆಕ್ಕದಲ್ಲಿ ಎಡವಿದ ಅಂತ ಒಂದು ಸಾಲು ಬರೆಯಿರಿ.’ ಎರಡನೇ ಮಾತು ಬಿಡಬೇಡಿ. 25ಕ್ಕೆ 9 ಅಂದರೆ ನಿಮಗೆ ಏನು ತಿಳಿಯಿತು? ದಶಕ ತೆಗೆದುಕೊಂಡು ಕಳೆಯುವಾಗ ಮಧ್ಯೆ ಸೊನ್ನೆ ಬಂದರೆ ತಪ್ಪುತ್ತಾನೆ ಅಂದರೆ, ಅವತ್ತು ಸಂಜೆಯೇ ಕೂರಿಸಿಕೊಂಡು ಸರಿ ಮಾಡಬಹುದು. ಇನ್ನೂ ನಾಲ್ಕು ತಾಯಂದಿರು ಇದನ್ನೇ ಕೇಳಿದರೆ ಪಟ್ಟಿ ತಾನಾಗೇ ನಿಲ್ಲುತ್ತದೆ. ಕೆಳಗಿನ ಹತ್ತು ಹೆಸರಿನ ಅಮ್ಮಂದಿರು ಆ ಗ್ರೂಪಿನಲ್ಲೇ ಇದ್ದಾರೆ, ಅಲ್ವಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಡ್ರೈವರ್. ಮಗಳು ಯಾದಗಿರಿ ಕಡೆ ಅಜ್ಜಿ ಜೊತೆ ಇದ್ದು ಸರ್ಕಾರಿ ಶಾಲೆಗೆ ಹೋಗುತ್ತಾಳೆ. ನಮ್ಮ ಅಮ್ಮನಿಗೆ ಓದು ಬರಲ್ಲ. ಶಾಲೆಯಿಂದ ನನಗೆ ಏನೂ ಗೊತ್ತಾಗಲ್ಲ. ಫೋನ್ ಮಾಡಿ ಕೇಳಿದರೆ ಟೀಚರ್ ಬೇಜಾರು ಮಾಡಿಕೊಳ್ತಾರಾ? (ಒಬ್ಬ ತಂದೆ)

ಉತ್ತರ: ಕೇಳಿ ಅಣ್ಣಾ, ಧಾರಾಳವಾಗಿ ಕೇಳಿ. ಅದು ನಿಮ್ಮ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಟೀಚರ್ ಮಾಡಲೇಬೇಕಾದ ಕೆಲಸಗಳನ್ನು ಹೇಳುತ್ತದೆ. ಅದರಲ್ಲಿ ಒಂದು, ಪೋಷಕರ ಜೊತೆ ಆಗಾಗ ಸಭೆ ಮಾಡಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಎಲ್ಲ ತಿಳಿಸುವುದು. ನಮ್ಮ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಅಂತ ಪೋಷಕರನ್ನು ಕರೆಸಿ ಮಕ್ಕಳ ಕಲಿಕೆ ತೋರಿಸುವ ಕಾರ್ಯಕ್ರಮವೂ ಇದೆ. ಯಾವತ್ತು ಅಂತ ಮುಂಚೆಯೇ ಕೇಳಿಕೊಂಡು, ಸಾಧ್ಯವಾದರೆ ಆ ದಿನ ರಜೆ ಹಾಕಿ ಊರಿಗೆ ಹೋಗಿ. ಆಗದಿದ್ದರೆ ಅಮ್ಮನನ್ನೇ ಕಳಿಸಿ. ಓದು ಬರಲ್ಲ ಅಂತ ಹಿಂಜರಿಯಬೇಡಿ ಅಂತ ಅವರಿಗೆ ಹೇಳಿ. ನಲಿ-ಕಲಿ ಕೋಣೆಯ ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ, ತುಂಬಾ ಚಿತ್ರ ಇರುತ್ತದೆ. ಮೊಮ್ಮಗಳು ಯಾವ ಮೆಟ್ಟಿಲಲ್ಲಿ ಇದ್ದಾಳೆ ಅಂತ ಬೆರಳಿಟ್ಟು ತೋರಿಸಬಹುದು. ಮೇಲೆ ಹಗ್ಗಕ್ಕೆ ನೇತುಹಾಕಿದ ಹಾಳೆಗಳಲ್ಲಿ ಅವಳು ಬಿಡಿಸಿದ್ದೂ ಇರುತ್ತದೆ.

ಫೋನ್ ಮಾಡುವ ಹೊತ್ತು ಮಾತ್ರ ನೋಡಿಕೊಳ್ಳಿ. ಸಂಜೆ ಶಾಲೆ ಬಿಟ್ಟ ಮೇಲೆ ಮಾಡಿ. ನಿಮ್ಮ ಅಮ್ಮನ ಫೋನಿಗೆ ವಾರಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ ಅಂತ ಟೀಚರನ್ನು ಕೇಳಿಕೊಳ್ಳಿ, ಅದನ್ನೇ ನಿಮಗೂ ಕಳಿಸಲಿ. 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ನಾವೆಲ್ಲ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದೆವು. ಆಗ ಓದು ಬಾರದ ಅಮ್ಮಂದಿರೂ ಸುತ್ತ ನಿಂತು ಕೇಳುತ್ತಿದ್ದರು. ಅವರಿಗೆ ಕಿವಿ ಚೆನ್ನಾಗಿದೆ, ನಾವೇ ಕಾಗದ ಕೊಟ್ಟು ಕೂತಿದ್ದೇವೆ.

ನೀವು ರಾತ್ರಿ ಮಗಳ ಹತ್ತಿರ ಮಾತಾಡುವಾಗ ‘ಇವತ್ತು ಏನು ಕಲಿತೆ?’ ಅನ್ನಬೇಡಿ. ‘ಏನೂ ಇಲ್ಲ’ ಅಂತಾಳೆ. ಎಲ್ಲ ಮಕ್ಕಳೂ ಹಾಗೇ ಅನ್ನುವುದು. ‘ಊಟಕ್ಕೆ ಮೊಟ್ಟೆ ತಗೊಂಡ್ಯಾ, ಬಾಳೆಹಣ್ಣಾ? ಪಕ್ಕದಲ್ಲಿ ಯಾರು ಕೂತಿದ್ರು?’ ಅಂತ ಕೇಳಿ. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತೆ ನೋಡಿ.

ಪ್ರಶ್ನೆ: ಮಗುವಿನ ಫೋಟೋವನ್ನು ಶಾಲೆಯವರು ಫೇಸ್‌ಬುಕ್‌ಗೆ ಹಾಕುತ್ತಾರೆ. ಬೇಡ ಅನ್ನಬಹುದಾ? (ಓದುಗ, ಮೈಸೂರು)

ಉತ್ತರ: ಅನ್ನಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಆದರೆ ಕಾಯ್ದೆಯ ಹೆಸರು ಹೇಳಿಕೊಂಡು ಒಳಗೆ ಹೋಗಬೇಡಿ. ಬೇಡ ಅಂತ ಒಂದು ಚೀಟಿ ಬರೆದು ಕೊಡಿ, ಸಾಕು. ಟೀಚರ್‌ಗಳಿಗೆ ನನ್ನದೊಂದು ಮಾತು: ಮಕ್ಕಳ ಕೈಗಳ ಫೋಟೋ ತೆಗೆಯಿರಿ, ಮುಖ ಬಿಡಿ. ಜೇಡಿಮಣ್ಣು ಮೆತ್ತಿದ ಕೈ, ದಾರ ಪೋಣಿಸುವ ಕೈ. ಯಾರದು ಅಂತ ಅವರಮ್ಮನಿಗೆ ಗೊತ್ತಾಗುತ್ತದೆ, ಬೇರೆಯವರಿಗೆ ಬೇಕಿಲ್ಲ.

ಪ್ರಶ್ನೆ: ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಗ್ರೂಪಿನ ಪ್ರತಿ ಫೋಟೋದಲ್ಲೂ ತಾವಿರಬೇಕು. ಹೇಗೆ ತಪ್ಪಿಸುವುದು? (ಹೆಸರು ಬೇಡ)

ಉತ್ತರ: ತಪ್ಪಿಸಬೇಡಿ, ಕೆಲಸ ಕೊಡಿ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾನೂನು ಹೇಳುವುದು ಫೋಟೋಕ್ಕಲ್ಲ. ವಾರಕ್ಕೊಮ್ಮೆ ಬಿಸಿಯೂಟದ ಹೊತ್ತಿಗೆ ಬಂದು, ಮಕ್ಕಳ ಜೊತೆ ಕೂತು ಉಂಡು, ಸಾರು ಹೇಗಿತ್ತು ಅಂತ ಅವರೇ ಗ್ರೂಪಿನಲ್ಲಿ ಹೇಳಲಿ. ಆಗ ಫೋಟೋ ಹಾಕಿ, ನನ್ನದೇನೂ ಅಡ್ಡಿಯಿಲ್ಲ.

ಪ್ರಶ್ನೆ: ರಾತ್ರಿ ಹತ್ತಕ್ಕೆ ಹೋಂವರ್ಕ್ ಕೇಳಿ ಟೀಚರಿಗೆ ಮೆಸೇಜ್ ಮಾಡಬಹುದಾ?

ಉತ್ತರ: ಬೇಡ. ಪಕ್ಕದ ಮನೆಯ ಹುಡುಗನನ್ನು ಕೇಳಿ. ಅವನೂ ಬರೆದುಕೊಂಡಿರಲ್ಲ, ಅದು ಬೇರೆ ಮಾತು.

ಪ್ರಶ್ನೆ: ನಾನು ಆರನೇ ಕ್ಲಾಸ್. ನಮ್ಮ ಮಿಸ್ ಎಲ್ಲಾನೂ ನಮ್ಮಮ್ಮನಿಗೆ ಹೇಳಿಬಿಡ್ತಾರೆ. ನನ್ನನ್ನ ಕೇಳೋದೇ ಇಲ್ಲ. (ಹೆಸರು ಹಾಕಬೇಡಿ ಆಂಟಿ)

ಉತ್ತರ: ಈ ಕಂತಿನಲ್ಲಿ ಅತಿ ಒಳ್ಳೇ ಪ್ರಶ್ನೆ ನಿನ್ನದೇ ಪುಟ್ಟಿ. ಮಿಸ್ ಹತ್ತಿರ ಹೋಗಿ ಎರಡು ಕೇಳು. ಒಂದು, ನನ್ನ ಬಗ್ಗೆ ಮನೆಗೆ ಏನಾದರೂ ಹೇಳುವ ಮೊದಲು ನನಗೆ ಒಮ್ಮೆ ಹೇಳಿ ಮಿಸ್ ಅಂತ. ಇನ್ನೊಂದು, ವಾರದ ಸುದ್ದಿಯನ್ನು ನಾವೇ ಬರೆಯುತ್ತೇವೆ ಅಂತ. ಒಂದು ಚಾರ್ಟ್ ಹಾಳೆ ಗೋಡೆಗೆ ಅಂಟಿಸಿ, ಸರದಿ ಮೇಲೆ ಇಬ್ಬಿಬ್ಬರು ಬರೆಯಿರಿ. ಕೈತೋಟದ ಬದನೆಗೆ ಹುಳ ಬಿದ್ದದ್ದು, ಕಬಡ್ಡಿಯಲ್ಲಿ ಸೋತದ್ದು, ಎಲ್ಲ ಬರಲಿ. ಮಿಸ್ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಅವರ ಕೆಲಸವೂ ಕಮ್ಮಿ. ಕಾಗುಣಿತ ತಪ್ಪಿದ್ದರೆ ಹಾಗೇ ಇರಲಿ. ಮಿಸ್ ಒಪ್ಪದಿದ್ದರೆ ಈ ಪುಟ ಕತ್ತರಿಸಿ ಅವರ ಟೇಬಲ್ ಮೇಲೆ ಇಡು.